ಗಣಿಕೆ ಸೊಪ್ಪು ನಡೆದು ಹೋದ ರಾಜ್ಯ

ಬಹಳ ಹಿಂದೆ, ಬೇಸರವಾದರೆ ಗಿಡಗಳು ಬೇರು ಕಿತ್ತುಕೊಂಡು ಬೇರೆ ಊರಿಗೆ ಹೊರಟುಬಿಡುತ್ತಿದ್ದ ಕಾಲದಲ್ಲಿ, ತೆನೆದುರ್ಗ ಎಂಬ ಒಂದು ರಾಜ್ಯವಿತ್ತು. ಅದಕ್ಕೆ ಸೋಮಭೂಪ ಎಂಬ ರಾಜ. ರಾಜ ಒಳ್ಳೆಯವನೇ, ಆದರೆ ಯಾರಾದರೂ ಚೆನ್ನಾಗಿ ಹಾಡಿದರೆ ಬೆಣ್ಣೆಯ ಹಾಗೆ ಕರಗಿಹೋಗುತ್ತಿದ್ದ. ಈ ಕತೆಯಲ್ಲಿ ಅವನಿಗೆ ಹೆಚ್ಚು ಕೆಲಸವಿಲ್ಲ. ಅವನನ್ನು ಸಿಂಹಾಸನದ ಮೇಲೆ ಕೂರಿಸಿ ನಾವು ಮುಂದೆ ಹೋಗೋಣ.

ಆ ರಾಜ್ಯದ ಶಾಲೆಗಳಲ್ಲಿ ಒಂದು ಪದ್ಧತಿ ಇತ್ತು. ಮಕ್ಕಳು ಬೆಳಿಗ್ಗೆ ರಾಗಿಹೊಲದ ಬದುವಿನ ಮೇಲೆ ನಡೆದು ಶಾಲೆಗೆ ಬರಬೇಕು. ಬರುವಾಗ ಕಣ್ಣಿಗೆ ಬಿದ್ದ ತಿನ್ನುವ ಸೊಪ್ಪನ್ನು ಕಿತ್ತು ತರಬೇಕು. ಒಬ್ಬಳ ಲಂಗದಲ್ಲಿ ಗಣಿಕೆ, ಇನ್ನೊಬ್ಬನ ಟವೆಲ್ಲಿನಲ್ಲಿ ಹೊನಗೊನೆ, ಮತ್ತೊಬ್ಬನ ಮುಷ್ಟಿಯಲ್ಲಿ ಅಣ್ಣೆ ಸೊಪ್ಪು. ಎಲ್ಲ ಸೇರಿದರೆ ಅದು ಬೆರಕೆ ಸೊಪ್ಪು. ಶಾಲೆಯ ಒಲೆಯ ಮೇಲೆ ಅದು ಬೇಳೆಯ ಜೊತೆ ಬೇಯುತ್ತಿತ್ತು. ಬಸಿದ ನೀರಿಗೆ ಕಟ್ಟು ಎನ್ನುತ್ತಾರೆ. ಕಟ್ಟಿನಿಂದ ಬಸ್ಸಾರು, ಬೆಂದ ಸೊಪ್ಪಿನಿಂದ ಪಲ್ಯ, ಪಕ್ಕಕ್ಕೊಂದು ರಾಗಿಮುದ್ದೆ. ಮಧ್ಯಾಹ್ನ ಎಲ್ಲರೂ ಸಾಲಾಗಿ ಕೂತು ಉಣ್ಣುತ್ತಿದ್ದರು.

ಜೇನುಕೊಪ್ಪಲು ಎಂಬ ಊರಿನ ಶಾಲೆಗೆ ದೇವೀರಿ ಎಂಬ ಹೊಸ ಉಪಾಧ್ಯಾಯಿನಿ ಬಂದಳು. ಅವಳಿಗಿಂತ ಮುಂಚೆ ಅಲ್ಲಿ ಕಲಿಸುತ್ತಿದ್ದ ಹೊನ್ನಮ್ಮಜ್ಜಿಗೆ ವಯಸ್ಸಾಗಿ ಮಂಡಿ ಸೋತಿತ್ತು. ದೇವೀರಿ ಚುರುಕು ಹೆಂಗಸು. ಕಂಠ ಅಂದರೆ ಕಂಠ. ಅವಳಿಗೆ ಮಲ್ಲಿ ಎಂಬ ಪುಟ್ಟ ಮಗಳಿದ್ದಳು, ಒಂದು ಕಡೆ ನಿಲ್ಲದ ಹುಡುಗಿ. ಅಮ್ಮನ ಶಾಲೆಯಲ್ಲೇ ಕಲಿಯುತ್ತಿದ್ದಳು.

ದೇವೀರಿ ಮೊದಲ ದಿನವೇ ಕೆಸರು ಕಾಲುಗಳನ್ನು ನೋಡಿ ಹುಬ್ಬು ಗಂಟಿಕ್ಕಿದಳು. ಅರ್ಧ ಬೆಳಗು ಹೊಲದಲ್ಲೇ ಕಳೆದುಹೋದರೆ ಪಾಠ ಯಾವಾಗ? ಸೊಪ್ಪಿನ ಹೆಸರು ಕಲಿಯಲು ಸೊಪ್ಪೇ ಏಕೆ ಬೇಕು? ಅವಳು ಕೂತು ಒಂದು ಹಾಡು ಕಟ್ಟಿದಳು. 'ಗಣಿಕೆ ಕೀರೆ ಹೊನಗೊನೆ, ಅಣ್ಣೆ ದಂಟು ನುಗ್ಗೆ ಕೊನೆ' ಎಂದು ಶುರುವಾಗಿ ಬೇಳೆ, ಕಾಳು, ಸಿರಿಧಾನ್ಯ ಎಲ್ಲವನ್ನೂ ಮುಗಿಸಿ ಬರುವ ಉದ್ದದ ಹಾಡು. ಮಕ್ಕಳು ಅದನ್ನು ಬಾಯಿಪಾಠ ಮಾಡಿದರು. ಜವರ ಎಂಬ ಹುಡುಗನಂತೂ ಒಂದೇ ಉಸಿರಿಗೆ ಹೇಳುತ್ತಿದ್ದ. ಹೊಲಕ್ಕೆ ಹೋಗುವುದು ನಿಂತಿತು, ಒಲೆ ತಣ್ಣಗಾಯಿತು, ಮಕ್ಕಳು ಮನೆಯಿಂದ ಬುತ್ತಿ ತಂದರು. ರಾಜ ಬಂದು ಹಾಡು ಕೇಳಿದ, ಕರಗಿದ, ದೇವೀರಿಯ ಕೈಗೆ ಚಿನ್ನದ ಬಳೆ ತೊಡಿಸಿದ. ಆ ಹಾಡು ರಾಜ್ಯದ ಎಲ್ಲ ಶಾಲೆಗಳಿಗೂ ಹೋಯಿತು. ಹಾಡು ಹೋದ ಕಡೆಯಲ್ಲೆಲ್ಲ ಒಲೆ ಆರಿತು.

ಹೊನ್ನಮ್ಮಜ್ಜಿ ಜಗಲಿಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಒಂದು ದಿನ ಕರೆದು ಕೇಳಿದಳು, "ಏನವ್ವ ದೇವೀರಿ, ಹಾಡು ಚೆಂದಾಗದೆ. ಹೊಟ್ಟೆ ತುಂಬ್ತದಾ?"

"ಅಜ್ಜಿ, ಈಗ ಕಾಲ ಬದಲಾಗಿದೆ" ಎಂದಳು ದೇವೀರಿ, ಬಳೆ ಸರಿಮಾಡಿಕೊಳ್ಳುತ್ತ.

ಕಾಲ ನಿಜವಾಗಿಯೂ ಬದಲಾಯಿತು. ಒಂದು ಬೆಳಿಗ್ಗೆ ಜೇನುಕೊಪ್ಪಲಿಗೆ ಬಿಳಿ ಗಾಡಿಯೊಂದು ಬಂತು. ಅದಕ್ಕೆ ಕಟ್ಟಿದ್ದ ಕುದುರೆ ಸಕ್ಕರೆಯದು. ಸಂಕ್ರಾಂತಿಗೆ ಮನೆಯಲ್ಲಿ ಸಕ್ಕರೆ ಅಚ್ಚು ಮಾಡುತ್ತೇವಲ್ಲ, ಅದೇ ಕುದುರೆ, ಆದರೆ ಆಳೆತ್ತರ, ಮತ್ತು ಅದು ಕಾಲು ಕೆರೆಯುತ್ತಿತ್ತು. ಗಾಡಿಯಿಂದ ಇಳಿದವನು ಬತ್ತಾಸಯ್ಯ ಎಂಬ ಮಾಂತ್ರಿಕ. ಉಬ್ಬಿದ ಬಿಳಿ ಕೆನ್ನೆ, ಜೇನು ಸುರಿಯುವ ಮಾತು. ಗಾಡಿಯಲ್ಲಿ ಒಂದು ಹೊನ್ನಿನ ಹಂಡೆ.

"ತಾಯೀ, ಹೊಗೆ ಬೇಡ, ಸೌದೆ ಬೇಡ" ಎಂದ. "ಈ ಹಂಡೆಯೊಳಗೆ ಕೈಯಿಟ್ಟರೆ ಮಕ್ಕಳು ಬಯಸಿದ್ದು ಬರುತ್ತದೆ. ಜಿಲೇಬಿ, ಲಾಡು, ಕರಿದದ್ದು, ಹುರಿದದ್ದು. ಪುಕ್ಕಟೆಯಾಗಿ ಕೊಡುತ್ತೇನೆ."

ದೇವೀರಿ ಪೆದ್ದಿಯಲ್ಲ. "ಪುಕ್ಕಟೆ ಕೊಡುವವರು ಮನೆ ಬಾಗಿಲಿಗೆ ಬರುವುದನ್ನು ನಾನು ನೋಡಿಲ್ಲ. ನಮ್ಮ ಮಕ್ಕಳಿಗೆ ಊಟದ ಬಗ್ಗೆ ಎಲ್ಲ ಗೊತ್ತು. ನೀವು ಹೊರಡಿ."

"ಎಲ್ಲ ಗೊತ್ತೆ?" ಬತ್ತಾಸಯ್ಯ ನಕ್ಕ. ಜೋಳಿಗೆಯಿಂದ ಒಂದು ಹಿಡಿ ಎಲೆ ತೆಗೆದು ಜಗಲಿಯ ಮೇಲೆ ಹರಡಿದ. "ಇದರಲ್ಲಿ ಗಣಿಕೆ ಯಾವುದೆಂದು ಒಂದು ಮಗು ಕೈಯಿಟ್ಟು ತೋರಿಸಲಿ. ತೋರಿಸಿದರೆ ಬಂದ ಹಾಗೆ ಹೋಗುತ್ತೇನೆ. ತೋರಿಸದಿದ್ದರೆ ರಾಜ್ಯದ ಶಾಲೆಶಾಲೆಗೂ ಒಂದೊಂದು ಹಂಡೆ ಇಡುತ್ತೇನೆ."

ದೇವೀರಿಗೆ ನಗು ಬಂತು. ಇಷ್ಟೇ ತಾನೆ? "ಆಗಲಿ" ಎಂದುಬಿಟ್ಟಳು. ಮಕ್ಕಳು ಎದೆಯುಬ್ಬಿಸಿ ಹಾಡಿದರು. ಜವರ ಎಲ್ಲರಿಗಿಂತ ಜೋರಾಗಿ ಹಾಡಿದ. ಹಾಡು ಮುಗಿಯಿತು, ಎಲೆಗಳು ಅಲ್ಲೇ ಬಿದ್ದಿದ್ದವು. ಮಕ್ಕಳು ಎಲೆಗಳನ್ನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಜವರ ಹೋಗಿ ಕೈಯಿಟ್ಟದ್ದು ಉಮ್ಮತ್ತಿ ಎಲೆಯ ಮೇಲೆ. ಉಮ್ಮತ್ತಿ ಅಂದರೆ ವಿಷ. ದೇವೀರಿ ಓಡಿಬಂದು ಅವನ ಕೈ ಎಳೆದುಕೊಂಡಳು.

ಅವತ್ತೇ ಹಂಡೆ ಶಾಲೆಯೊಳಗೆ ಬಂತು, ಆರಿದ ಒಲೆಯ ಮೇಲೆಯೇ ಕೂತಿತು. ಅವತ್ತೇ ರಾಜ್ಯದ ಹೊಲಗಳಲ್ಲಿದ್ದ ಗಣಿಕೆ ಗಿಡಗಳು ಬೇರು ಕಿತ್ತುಕೊಂಡು, ಮಣ್ಣು ಕೊಡವಿಕೊಂಡು, ಸಾಲುಹಿಡಿದು ಬತ್ತಾಸಯ್ಯನ ಕೋಟೆಯ ಕಡೆಗೆ ನಡೆದವು. ತಮ್ಮನ್ನು ಗುರುತಿಸುವ ಒಂದು ಮಗುವೂ ಇಲ್ಲದ ರಾಜ್ಯದಲ್ಲಿ ಇದ್ದು ಏನು ಮಾಡುವುದು ಎಂಬಂತೆ ಒಂದೂ ಹಿಂತಿರುಗಿ ನೋಡಲಿಲ್ಲ. ಮಾರನೆಯ ವಾರ ಹುರುಳಿ ಹೋಯಿತು. ಆಮೇಲೆ ಸಾಮೆ, ನವಣೆ ಹೊರಟವು.

ಮಕ್ಕಳು ಮೊದಮೊದಲು ಕುಣಿದರು. ಆಮೇಲೆ ಕುಣಿಯುವುದು ನಿಂತಿತು. ಸ್ಲೇಟಿನ ಮೇಲೆ ತಲೆಯಿಟ್ಟು ನಿದ್ದೆ ಹೋದರು. ನೀರು ಕೊಟ್ಟರೆ ಕಹಿ ಎಂದರು, ಮುದ್ದೆ ಕೊಟ್ಟರೆ ಮಣ್ಣು ಎಂದರು. ಒಂದು ಕಡೆ ನಿಲ್ಲದ ಮಲ್ಲಿ ಈಗ ಕೂತ ಕಡೆಯೇ ಕೂರುತ್ತಿದ್ದಳು. ಒಂದು ಮಧ್ಯಾಹ್ನ ದೇವೀರಿ ನೋಡಿದರೆ ಮಗಳ ಹಿಂದೆ ಇರುವೆ ಸಾಲು. ಹೊಸಿಲಿನಿಂದ ಮಗಳ ಕೈಯವರೆಗೂ ಇರುವೆ. ಕೊಡವಿ, ಕೈ ಹಿಡಿದು ನೋಡಿದಳು. ಮಲ್ಲಿಯ ಕಿರುಬೆರಳು ಬೆಳ್ಳಗಾಗಿ ಗಟ್ಟಿಯಾಗಿತ್ತು. ಅದು ಸಕ್ಕರೆಯಾಗಿತ್ತು.

ದೇವೀರಿ ಮಗಳನ್ನು ಎತ್ತಿಕೊಂಡು ಹೊನ್ನಮ್ಮಜ್ಜಿಯ ಜಗಲಿಗೆ ಓಡಿದಳು. ಅಳು ತಡೆಯಲಾಗಲಿಲ್ಲ. "ಅಜ್ಜಿ, ತಪ್ಪು ಮಾಡಿಬಿಟ್ಟೆ. ನನ್ನ ಮಗಳು ಅಚ್ಚಾಗ್ತಾ ಅವಳೆ."

"ನಿನ್ ಮಗಳೊಬ್ಬಳೇ ಅಲ್ಲ ಕಣವ್ವ, ಎಲ್ಲಾ ಮಕ್ಕಳೂವೆ" ಎಂದಳು ಅಜ್ಜಿ. "ರಾಗಿ ಹೊರಟ ದಿನ ಇವರೆಲ್ಲ ಪೂರ್ತಿ ಸಕ್ಕರೆ ಅಚ್ಚಾಯ್ತರೆ. ಅವನು ಎತ್ತಿ ಗೂಡಲ್ಲಿ ಜೋಡಿಸ್ಕತಾನೆ. ನಾನು ಚಿಕ್ಕವಳಿದ್ದಾಗ್ಲೂ ಬಂದಿದ್ದ ಅವನು. ಆಗ ನಾವು ಎಲೆ ತೋರಿಸಿಬಿಟ್ಟೋ, ಹೊರಟೋದ."

"ಈಗ ಏನು ಮಾಡಲಿ? ರಾಜನ ಸೈನ್ಯ ಕರೆಸಲಾ?"

"ಸೈನ್ಯಕ್ಕೆ ಗಣಿಕೆ ಗೊತ್ತಾ?" ಅಜ್ಜಿ ಗದರಿದಳು. "ಅವನ ಕೋಟೆಗೆ ಮೂರು ಬಾಗ್ಲು. ಮೊದಲ್ನೇದು ಕೈಗೆ, ಎರಡ್ನೇದು ಮೂಗಿಗೆ, ಮೂರ್ನೇದು ನಾಲಿಗೆಗೆ. ಮಕ್ಕಳು ದಾಟಬೇಕು, ದೊಡ್ಡೋರಲ್ಲ. ಮೊದ್ಲು ಆ ಮಕ್ಕಳನ್ನ ಹೊಲಕ್ಕಿಳಿಸು. ನಡೀ, ನಾನೂ ಬತ್ತೀನಿ. ಮಂಡಿ ಹೋದ್ರೆ ಹೋಗ್ಲಿ."

ಮಾರನೆಯ ಬೆಳಗಿನಿಂದ ಪಾಠ ಹೊಲದಲ್ಲಿ ನಡೆಯಿತು. ದೇವೀರಿ ಬಳೆ ಬಿಚ್ಚಿಟ್ಟು, ಸೆರಗು ಸಿಕ್ಕಿಸಿ, ಮಕ್ಕಳ ಜೊತೆ ಕೆಸರಿಗಿಳಿದಳು. ಹಾಡು ಹಾಡಲಿಲ್ಲ. ಎಲೆ ಮುಟ್ಟಿಸಿದಳು, ಮಡಿಸಿ ತೋರಿಸಿದಳು, ಉಜ್ಜಿ ಮೂಸಿಸಿದಳು. ಮಕ್ಕಳು ಮೊದಲು ಕೊಸರಾಡಿದರು, ಬದುವಿನ ಮೇಲೆಯೇ ತೂಕಡಿಸಿದರು. ಆದರೆ ಒಂದು ದಿನ ಬದುವಿನಲ್ಲಿ ಹೊನಗೊನೆ ಗಿಡವೊಂದು ಬೇರು ಕಿತ್ತು ಹೊರಡುತ್ತಿತ್ತು. ಮಲ್ಲಿ ಅದನ್ನು ಹಿಡಿದು, "ಗೆಣ್ಣುಗೆಣ್ಣಿಗೂ ಬಿಳೀ ಹೂವು. ನೀನು ಹೊನಗೊನೆ ಅಲ್ವಾ?" ಎಂದಳು. ಗಿಡ ನಿಂತಿತು. ಸ್ವಲ್ಪ ಹೊತ್ತು ಯೋಚಿಸಿತು. ಮತ್ತೆ ಬೇರನ್ನು ಮಣ್ಣಿಗಿಳಿಸಿ ಕೂತುಕೊಂಡಿತು. ಅದನ್ನು ನೋಡಿದ ಮೇಲೆ ಮಕ್ಕಳಿಗೆ ನಿದ್ದೆ ಬರಲಿಲ್ಲ. ಗಿಡ ಹಿಡಿದು ನಿಲ್ಲಿಸುವುದೇ ಅವರಿಗೆ ಆಟವಾಯಿತು. ಹೊರಟದ್ದೆಲ್ಲ ನಿಂತಿತು. ಆದರೆ ಹೋದದ್ದು ಕೋಟೆಯಲ್ಲೇ ಉಳಿದಿತ್ತು, ಮತ್ತು ಮಕ್ಕಳ ನಾಲಿಗೆ ಇನ್ನೂ ಬತ್ತಾಸಯ್ಯನದೇ ಆಗಿತ್ತು. ಹೊಲದಲ್ಲಿ ಗಣಿಕೆ ಉಳಿದಿರಲಿಲ್ಲ, ಹಾಗಾಗಿ ಉಮ್ಮತ್ತಿಯನ್ನೂ ಗಣಿಕೆಯನ್ನೂ ಹೇಗೆ ಬೇರೆ ಮಾಡುವುದೆಂದು ಅಜ್ಜಿ ಮಣ್ಣಿನಲ್ಲಿ ಬರೆದು, ಬಾಯಲ್ಲಿ ಹೇಳಿ, ಜವರನಿಗೆ ಮತ್ತೆ ಮತ್ತೆ ಕಲಿಸಿದಳು. ಅವನಿಗೆ ಅದೊಂದು ಹಟವಾಗಿತ್ತು.

ಆಮೇಲೆ ದೇವೀರಿ, ಮಲ್ಲಿ, ಜವರ ಮೂವರೂ ಕೋಟೆಗೆ ಹೊರಟರು. ಅಷ್ಟರಲ್ಲಿ ಮಲ್ಲಿಯ ಅಂಗೈಯೂ ಸಕ್ಕರೆಯಾಗಿತ್ತು. ದೇವೀರಿ ಅದಕ್ಕೆ ಬಾಳೆ ಎಲೆ ಸುತ್ತಿದ್ದಳು, ಇರುವೆ ಹತ್ತದಿರಲೆಂದು. ಬೆನ್ನಿಗೆ ಒಂದು ಮಡಕೆ, ಒಂದು ಗಂಟು ರಾಗಿಹಿಟ್ಟು, ಬೇಳೆ, ಉಪ್ಪು, ಖಾರ. ದಾರಿಯುದ್ದಕ್ಕೂ ಹಂಡೆಯ ತಿಂಡಿ ಇಲ್ಲ, ಮಕ್ಕಳು ಬೇರೆ ಏನನ್ನೂ ಮುಟ್ಟಲೊಲ್ಲರು. ಕೋಟೆ ಕಾಣುವ ಹೊತ್ತಿಗೆ ಇಬ್ಬರ ಹೊಟ್ಟೆಯೂ ಬೆನ್ನಿಗಂಟಿತ್ತು.

ಮೊದಲ ಬಾಗಿಲಿನಲ್ಲಿ ಒಂದು ಕರಡಿ. ಅದರ ಮುಂದೆ ಗುಡ್ಡದಷ್ಟು ಎಲೆ. "ಉಣ್ಣುವುದು ಒಂದು ಕಡೆ, ಉಣ್ಣಬಾರದ್ದು ಒಂದು ಕಡೆ ಹಾಕು" ಎಂದಿತು ಕರಡಿ. "ಒಂದೆಲೆ ತಪ್ಪಿದರೂ ಮುಟ್ಟಿದ ಕೈ ಸಕ್ಕರೆ."

ಜವರ ಮುಂದೆ ಬಂದ. ಅಭ್ಯಾಸಬಲ, ಬಾಯಿ ತಾನಾಗಿಯೇ 'ಗಣಿಕೆ ಕೀರೆ' ಎಂದು ಶುರುಮಾಡಿತು. ಅವನು ನಾಲಿಗೆ ಕಚ್ಚಿಕೊಂಡು ಹಾಡು ನಿಲ್ಲಿಸಿದ. ಒಂದೊಂದೇ ಎಲೆ ಎತ್ತಿ, ತಿರುಗಿಸಿ, ಉಜ್ಜಿ ನೋಡಿದ. ಎಲೆಗಳು ಎರಡು ಗುಡ್ಡೆಯಾದವು. ಕೊನೆಗೆ ಎರಡು ಎಲೆ ಉಳಿದವು, ನೋಡಲು ಅಕ್ಕತಂಗಿಯರ ಹಾಗೆ. ಒಂದನ್ನು ಮೂಸಿ ಮುಖ ಸಿಂಡರಿಸಿದ.

"ಇದು ಉಮ್ಮತ್ತಿ. ಒಂದ್ಸಲ ನಂಗೆ ಮೋಸ ಮಾಡಿತ್ತು" ಎಂದ. "ಇದು ಗಣಿಕೆ."

ಕರಡಿ ಎದ್ದು ದಾರಿ ಬಿಟ್ಟಿತು. ಎಲೆ ಕಾದು ಕಾದು ಅದಕ್ಕೂ ಸಾಕಾಗಿತ್ತು.

ಎರಡನೆಯ ಬಾಗಿಲಿನಲ್ಲಿ ಎಮ್ಮೆಗಾತ್ರದ ಪುನುಗಿನ ಬೆಕ್ಕು. ಅದರ ಮುಂದೆ ಮುಚ್ಚಿದ ಮೂರು ಗಡಿಗೆ. "ಮುಚ್ಚಳ ತೆಗೆಯಬೇಡ. ಇವತ್ತು ಉಣ್ಣಬಹುದಾದದ್ದು ಯಾವುದು ಹೇಳು" ಎಂದಿತು ಬೆಕ್ಕು.

ಮಲ್ಲಿ ಬಗ್ಗಿ ಮೂಸಿದಳು. ಮೊದಲನೆಯದರಿಂದ ಏಲಕ್ಕಿ, ಕೇಸರಿ, ತುಪ್ಪದ ಘಮ. ಅವಳ ಬಾಯಲ್ಲಿ ನೀರೂರಿತು, ಕೈ ಮುಚ್ಚಳದ ಹತ್ತಿರ ಹೋಯಿತು. ಆದರೆ ಮಲ್ಲಿ ಇನ್ನೊಮ್ಮೆ ಮೂಸಿದಳು, ನಿಧಾನವಾಗಿ.

"ಏಲಕ್ಕಿ ಮೇಲೇ ಅದೆ. ಕೆಳಗೆ ಹಳಸಿದ ವಾಸನೆ" ಎಂದಳು. ಎರಡನೆಯದು ಎಣ್ಣೆ ಕಮಟು. ಮೂರನೆಯದಕ್ಕೆ ಹೆಚ್ಚು ವಾಸನೆಯೇ ಇರಲಿಲ್ಲ, ಈಗಷ್ಟೇ ಬೆಂದ ಹಿಟ್ಟಿನ ಬಿಸಿ ಮಾತ್ರ. "ಇದು. ಇದು ಇವತ್ತಿಂದು."

ಬೆಕ್ಕು ಬಾಲ ಮಡಚಿಕೊಂಡು ಪಕ್ಕಕ್ಕೆ ಸರಿಯಿತು.

ಎರಡನೆಯ ಬಾಗಿಲು ದಾಟಿದರೆ ಕೋಟೆಯ ಅಂಗಳ. ಗೋಡೆ, ಕಂಬ, ಚಾವಣಿ ಎಲ್ಲವೂ ಸಕ್ಕರೆ. ಗೂಡುಗಳಲ್ಲಿ ಯಾವಯಾವುದೋ ರಾಜ್ಯದ ಮಕ್ಕಳು ಅಚ್ಚಾಗಿ ನಿಂತಿದ್ದರು. ಅಂಗಳದಲ್ಲಿ ಗಣಿಕೆ, ಹುರುಳಿ, ಸಾಮೆ, ನವಣೆ ಗಿಡಗಳು ಸಾಲಾಗಿ, ಬಾಡಿ, ತಲೆ ತಗ್ಗಿಸಿ ನಿಂತಿದ್ದವು. ನಡುವೆ ಬತ್ತಾಸಯ್ಯ ಕೂತಿದ್ದ.

"ಇಲ್ಲಿಯವರೆಗೆ ಬಂದಿರಿ, ಸಂತೋಷ" ಎಂದ. "ಕೊನೆಯ ಬಾಗಿಲು ನಾನೇ. ನೀವು ಅಡುಗೆ ಮಾಡಿ. ಕೈ ಸಕ್ಕರೆಯಾದ ಈ ಮಗು ಅದನ್ನು ತಾನಾಗಿಯೇ ಉಂಡು, ತಾನಾಗಿಯೇ ಇನ್ನಷ್ಟು ಕೇಳಿದರೆ ನಾನು ಸೋತೆ. ಆದರೆ ದೊಡ್ಡವರು ಯಾರಾದರೂ ತಿನ್ನು ಅಂದರೆ, ಒಳ್ಳೆಯದು ಅಂದರೆ, ಆಣೆ ಹಾಕಿದರೆ, ಗದರಿದರೆ, ಆ ಕ್ಷಣವೇ ಮಗು ಅಚ್ಚು." ಅವನಿಗೆ ಧೈರ್ಯವಿತ್ತು. ಮಕ್ಕಳಿಗೆ ತಿನ್ನು ಎನ್ನದೆ ಇರುವ ತಾಯಿಯನ್ನಾಗಲಿ ಉಪಾಧ್ಯಾಯಿನಿಯನ್ನಾಗಲಿ ಅವನು ಇದುವರೆಗೂ ನೋಡಿರಲಿಲ್ಲ. ಇವಳಂತೂ ಎರಡೂ ಆಗಿದ್ದಳು.

ಮಕ್ಕಳು ಗಣಿಕೆ ಗಿಡಗಳ ಹತ್ತಿರ ಹೋಗಿ ಕುಡಿ ಕೇಳಿದರು. ಗಿಡಗಳು ಬಾಗಿ ಕೊಟ್ಟವು. ದಾರಿಯಲ್ಲಿ ಕಿತ್ತು ತಂದಿದ್ದ ಹೊನಗೊನೆ, ಕೀರೆ ಸೇರಿ ಬೆರಕೆಯಾಯಿತು. ಕಲ್ಲು ಹೂಡಿ ಒಲೆ ಮಾಡಿದರು, ಬೇಳೆ ಬೆಂದಿತು, ಸೊಪ್ಪು ಬೆಂದಿತು. ಜವರ ನೀರು ಬಸಿದು ಚೆಲ್ಲಲು ಹೋದ.

"ಅಯ್ಯೋ, ಕಟ್ಟು ಚೆಲ್ಬೇಡ ಕಣೋ, ಸಾರು ಯಾವುದ್ರಲ್ಲಿ ಮಾಡ್ತೀಯ?" ಎಂದು ಮಲ್ಲಿ ಅವನ ಕೈ ತಡೆದಳು. ದೇವೀರಿಗೆ ಮಗಳ ದನಿಯಲ್ಲಿ ಹಳೆಯ ಜೋರು ಕೇಳಿ ಕಣ್ಣು ತುಂಬಿಬಂತು. ಉಪ್ಪು ಸ್ವಲ್ಪ ಹೆಚ್ಚಾಯಿತು. ಮುದ್ದೆಯಲ್ಲಿ ಗಂಟು ಉಳಿಯಿತು. ಆದರೂ ಅಡುಗೆ ಆಯಿತು.

ಬತ್ತಾಸಯ್ಯ ಎದುರಿಗೆ ತನ್ನ ತಟ್ಟೆ ಇಟ್ಟ. ಜಿಲೇಬಿಯಿಂದ ಪಾಕ ತೊಟ್ಟಿಕ್ಕುತ್ತಿತ್ತು. ಮಲ್ಲಿ ಎರಡರ ನಡುವೆ ನಿಂತಳು. ಸಕ್ಕರೆ ಈಗ ಅವಳ ಮೊಣಕೈಗೆ ಏರಿತ್ತು. ಅವಳು ಜಿಲೇಬಿ ನೋಡಿದಳು, ಮುದ್ದೆ ನೋಡಿದಳು, ಮತ್ತೆ ಜಿಲೇಬಿ ನೋಡಿದಳು.

ತಿನ್ನು ಮಗಳೇ ಎಂಬ ಮಾತು ದೇವೀರಿಯ ಗಂಟಲಿಗೆ ಬಂತು, ನಾಲಿಗೆಗೆ ಬಂತು, ಹಲ್ಲಿಗೆ ಬಂದು ಬಡಿಯಿತು. ಹೇಳಿಯೇ ಕಲಿಸಿದವಳು ಅವಳು, ಹೇಳದೆ ಇರುವುದು ಅವಳಿಗೆ ಗೊತ್ತೇ ಇರಲಿಲ್ಲ. ತುಟಿ ಕಚ್ಚಿಕೊಂಡಳು. ಅಲ್ಲೇ ಕೂತುಬಿಟ್ಟಳು. ಕೂತ ಮೇಲೆ ಅವಳಿಗೆ ತನ್ನ ಹಸಿವು ನೆನಪಾಯಿತು. ಮಕ್ಕಳು ಉಣ್ಣದ ದಾರಿಯಲ್ಲಿ ಅವಳೂ ಏನನ್ನೂ ಮುಟ್ಟಿರಲಿಲ್ಲ. ತಟ್ಟೆಗೆ ಮುದ್ದೆ ಹಾಕಿಕೊಂಡಳು, ಸಾರು ಸುರಿದುಕೊಂಡಳು, ಮುರಿದು ಅದ್ದಿ ನುಂಗಿದಳು. ಶಾಲೆಗೆ ಬಂದ ಮೇಲೆ ಎಷ್ಟು ಸಲ ಗಣಿಕೆಯ ಹೆಸರು ಹಾಡಿದ್ದಳೋ, ತಿಂದದ್ದು ಇದೇ ಮೊದಲು. ಎಳೆ ಕಹಿ, ಬೆಳ್ಳುಳ್ಳಿಯಿಲ್ಲದ ಖಾರ, ಹೆಚ್ಚಾದ ಉಪ್ಪು. ಇಷ್ಟು ರುಚಿಯಾದ ಊಟವನ್ನು ತಾನು ಉಂಡೇ ಇಲ್ಲ ಎನಿಸಿತು ಅವಳಿಗೆ. ತಲೆ ಎತ್ತದೆ ಉಂಡಳು.

"ಏನು ಮಾಡುತ್ತಿದ್ದೀಯ?" ಎಂದ ಬತ್ತಾಸಯ್ಯ ಅನುಮಾನದಿಂದ.

"ಹಸಿವು ಕಣಯ್ಯ, ಉಣ್ತಾ ಇದೀನಿ" ಎಂದಳು ದೇವೀರಿ.

ಜವರ ಪಕ್ಕದಲ್ಲಿ ಬಂದು ಕೂತು ತಾನೂ ಒಂದು ತುತ್ತು ಮುರಿದ. ಮಲ್ಲಿ ಅಮ್ಮನ ಬಾಯನ್ನೇ ನೋಡುತ್ತಿದ್ದಳು. ಮೆಲ್ಲಗೆ ಬಂದಳು, ಚೆನ್ನಾಗಿದ್ದ ಕೈಯಿಂದ ಚೂರು ಮುರಿದು ಬಾಯಿಗಿಟ್ಟಳು. ಥೂ ಎಂದು ಉಗಿದಳು. ಬತ್ತಾಸಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ದೇವೀರಿ ಇನ್ನೊಂದು ತುತ್ತು ಅದ್ದಿದಳು.

ಮಲ್ಲಿ ಮತ್ತೆ ಚೂರು ಮುರಿದಳು. ಈ ಸಲ ಮುಖ ಕಿವುಚಿ ಅಗಿಯಲು ಹೋದಳು. "ಮುದ್ದೆ ಅಗೀತಾರಾ ಯಾರಾದ್ರೂ? ನುಂಗ್ಬೇಕು" ಎಂದ ಜವರ ತುಂಬಿದ ಬಾಯಲ್ಲಿ. ಅವನು ದೊಡ್ಡವನಲ್ಲ, ಅವನಿಗೆ ಷರತ್ತು ಇರಲಿಲ್ಲ. ಮಲ್ಲಿ ಸಾರಿನಲ್ಲಿ ಅದ್ದಿ ನುಂಗಿದಳು. ಬಿಸಿ ಗಂಟಲಿನಿಂದ ಹೊಟ್ಟೆಗೆ ಇಳಿಯಿತು. ಮತ್ತೊಂದು ನುಂಗಿದಳು. ತಟ್ಟೆಯಲ್ಲಿದ್ದ ಪಲ್ಯವನ್ನು ಬೆರಳಿನಿಂದ ಬಳಿದು ನೆಕ್ಕಿದಳು. ಆಮೇಲೆ ತಟ್ಟೆಯನ್ನು ಅಮ್ಮನ ಮುಂದೆ ತಳ್ಳಿದಳು.

"ಅವ್ವ, ಇನ್ನೊಂಚೂರು ಇಕ್ಕು."

ಅಷ್ಟೇ. ಮಲ್ಲಿಯ ಮೊಣಕೈಯಿಂದ ಸಕ್ಕರೆ ಉದುರಿತು, ಅಂಗೈಯಿಂದ ಉದುರಿತು, ಕಿರುಬೆರಳು ಕೆಂಪಗಾಗಿ ಅಲ್ಲಾಡಿತು. ಇಷ್ಟು ಹೊತ್ತೂ ಮಡಕೆಯಿಂದ ಏಳುತ್ತಿದ್ದ ಹಬೆ ಚಾವಣಿಗೆ ತಾಗಿ ಕೋಟೆ ತೊಟ್ಟಿಕ್ಕಲು ಶುರುವಾಗಿತ್ತು. ಈಗ ಕಂಬಗಳು ಬಾಗಿದವು. ಗೂಡಿನಲ್ಲಿದ್ದ ಅಚ್ಚುಗಳು ಸೀನಿ, ಕಣ್ಣುಜ್ಜಿ, ಮಕ್ಕಳಾಗಿ ಕೆಳಗೆ ಹಾರಿದವು. ಹೊರಗೆ ಕಟ್ಟಿದ್ದ ಕುದುರೆ ಕರಗಿ ಪಾಕವಾಯಿತು, ದೂರದ ಶಾಲೆಗಳಲ್ಲಿದ್ದ ಹಂಡೆಗಳೂ ಹಾಗೆಯೇ ಕರಗಿದವು, ಅಲ್ಲಿನ ಮಕ್ಕಳ ಮೈಯಿಂದಲೂ ಸಕ್ಕರೆ ಉದುರಿತು. "ಹಬೆ, ಹಬೆ" ಎಂದು ಬತ್ತಾಸಯ್ಯ ಓಡಿದ. ಓಡುವಾಗಲೇ ಕೆನ್ನೆ ಕರಗಿತು, ಹೊಟ್ಟೆ ಕರಗಿತು, ಕೊನೆಗೆ ನೆಲದ ಮೇಲೆ ಒಂದು ಅಂಟಂಟು ಕಲೆ ಉಳಿಯಿತು. ಮಲ್ಲಿಯ ಹಿಂದೆ ಊರಿನಿಂದ ಬಂದಿದ್ದ ಇರುವೆಗಳು ಅದನ್ನು ಹೊತ್ತುಕೊಂಡು ಹೋದವು. ಅವುಗಳಿಗೂ ದೂರದ ಪ್ರಯಾಣವಾಗಿತ್ತು.

ಅಂಗಳದ ಗಿಡಗಳು ಬೇರು ಎತ್ತಿಕೊಂಡು ಮನೆಗೆ ಹೊರಟವು. ಮುಂದೆ ಮಕ್ಕಳ ಹಿಂಡು, ಹಿಂದೆ ಗಣಿಕೆ, ಹುರುಳಿ, ಸಾಮೆ, ನವಣೆಯ ಸಾಲು. ಹೊಲಗಳಿಗೆ ಬಂದು ತಮ್ಮ ತಮ್ಮ ಜಾಗ ಹುಡುಕಿಕೊಂಡು ಇಳಿದವು. ಬೇರೆ ರಾಜ್ಯಗಳ ಮಕ್ಕಳನ್ನು ಅವರವರ ಊರಿಗೆ ಕಳಿಸಿದರು, ಪ್ರತಿಯೊಬ್ಬರ ಮಡಿಲಿಗೂ ಒಂದು ಹಿಡಿ ಬಿತ್ತನೆ ಬೀಜ ಕಟ್ಟಿ.

ರಾಜ ಸೋಮಭೂಪ ಜೇನುಕೊಪ್ಪಲಿಗೆ ಬಂದು ಈ ಸಲವೂ ಹಾಡು ಬೇಕೆಂದ. "ಹಾಡು ಆಮೇಲೆ, ಸ್ವಾಮಿ. ಮೊದಲು ಸಾಲಿನಲ್ಲಿ ಕೂತುಕೊಳ್ಳಿ" ಎಂದಳು ದೇವೀರಿ. ಚಿನ್ನದ ಬಳೆ ಕೊಟ್ಟು ಅವಳು ದೊಡ್ಡದೊಂದು ತಾಮ್ರದ ಪಾತ್ರೆ ತರಿಸಿದ್ದಳು. ಹೊನ್ನಮ್ಮಜ್ಜಿ ಒಲೆಯ ಪಕ್ಕ ಮಣೆ ಹಾಕಿಕೊಂಡು ಯಾರ ಮುದ್ದೆಯಲ್ಲಿ ಗಂಟಿದೆ ಎಂದು ನೋಡುತ್ತಿದ್ದಳು. ರಾಜ ಉಂಡ, ಬೆರಳು ನೆಕ್ಕಿದ, ಊರೂರಿನ ಶಾಲೆಯ ಒಲೆ ಮತ್ತೆ ಹೊತ್ತಿಸಲು ಅಲ್ಲೇ ಆಜ್ಞೆ ಮಾಡಿದ. ಆಮೇಲೆ ಮಕ್ಕಳು ಹಾಡಿದರು, ಹೆಸರು ಬಂದಾಗಲೆಲ್ಲ ಆ ಸೊಪ್ಪನ್ನು ಕೈಯಲ್ಲಿ ಎತ್ತಿ ತೋರಿಸುತ್ತ. ರಾಜ ಎಂದಿನಂತೆ ಕರಗಿಹೋದ.

ಸಂಕ್ರಾಂತಿಗೆ ಆ ಊರಿನಲ್ಲಿ ಈಗಲೂ ಸಕ್ಕರೆ ಅಚ್ಚು ಮಾಡುತ್ತಾರೆ. ಎಳ್ಳುಬೆಲ್ಲದ ಜೊತೆ ಒಂದೊಂದು ಕೊಡುತ್ತಾರೆ, ಮಕ್ಕಳು ಕುದುರೆಯ ತಲೆಯಿಂದ ಶುರುಮಾಡಿ ಕಟಕಟನೆ ಕಡಿಯುತ್ತಾರೆ. ಯಾರಿಗೂ ಹೆದರಿಕೆಯಿಲ್ಲ. ಮಧ್ಯಾಹ್ನವಾದರೆ ಸಾಲಿನಲ್ಲಿ ಕೂತು, ಇನ್ನೊಂಚೂರು ಇಕ್ಕು ಎಂದು ತಟ್ಟೆ ತಳ್ಳುತ್ತಾರೆ. ತೆನೆದುರ್ಗದಲ್ಲಿ ಹೀಗೆ ಎಲ್ಲರೂ ಉಂಡು ಸುಖವಾಗಿದ್ದಾರೆ. ಇಲ್ಲಿ ನಮ್ಮ ಒಲೆಯ ಮೇಲಿನ ಸಾರೂ ಕುದಿಯುತ್ತಿದೆ. ಕತೆ ಕೇಳಿದ್ದು ಸಾಕು, ಏಳಿ, ಕೈ ತೊಳೆದುಕೊಂಡು ಬನ್ನಿ.